ಮೆಳೆಯ ಬುಡದ ಮಣ್ಣು

ಬೂಷ್ಟು ಕಂಡರೆ ನನಗೆ ಆಗುವುದಿಲ್ಲ. ಕರಿಮೆಣಸಿನ ನರ್ಸರಿಯಲ್ಲಿ ಹತ್ತೊಂಬತ್ತು ವರ್ಷ ದುಡಿದವಳು ನಾನು. ಮಣ್ಣಿನಲ್ಲಿ ಒಂದು ಬಿಳಿ ಎಳೆ ಕಂಡರೂ ಕೈ ತಾನಾಗಿಯೇ ಮದ್ದಿನ ಡ್ರಮ್ಮಿನ ಕಡೆ ಹೋಗುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ಮಳೆಗಾಲ ನನ್ನ ಸುಪರ್ದಿನ ಬಳ್ಳಿಗಳೆಲ್ಲ ಬುಡ ಕೊಳೆತು ಕಪ್ಪಾಗಿ ಬಿದ್ದವು. ಎಸ್ಟೇಟಿನ ಲೆಕ್ಕ, ಹಾಜರಿ ನೋಡುವ ರೈಟರ್, ಕಾಫಿ ಪಿಕ್ಕಿಂಗಿಗೆ ಬಂದ ಹೆಂಗಸರೆಲ್ಲ ಸಾಲಾಗಿ ನಿಂತಿರುವಾಗ ನನ್ನನ್ನು ಮುಂದಕ್ಕೆ ಕರೆದು, "ಬುಟ್ಟಿ ಹೆಣೆಯೋರ ಕೈಗೆ ಗಿಡ ಕೊಟ್ರೆ ಇನ್ನೇನಾಗ್ತದೆ" ಎಂದಿದ್ದರು. ಆ ಮಾತು ನನ್ನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಆಮೇಲೆ ನನ್ನ ನರ್ಸರಿಯಲ್ಲಿ ಒಂದು ಬಳ್ಳಿಯೂ ಕೊಳೆಯಲಿಲ್ಲ. ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಕೆಳಗೆ ಬಿಸಿಲಲ್ಲಿ ಬೇಯಿಸುತ್ತಿದ್ದೆ, ಮೈಲುತುತ್ತ ಸುಣ್ಣ ಕಲಸಿ ಬೋರ್ಡೋ ಮಾಡಿ ಹುಯ್ಯುತ್ತಿದ್ದೆ, ಅದರ ಮೇಲೆ ಅಂಗಡಿಯ ಮದ್ದನ್ನೂ ಹುಯ್ಯುತ್ತಿದ್ದೆ. ನನ್ನ ಮಣ್ಣು ಆಸ್ಪತ್ರೆಯ ನೆಲದಷ್ಟು ಚೊಕ್ಕಟ ಎಂದು ಅದೇ ರೈಟರ್ ಆಮೇಲೆ ಹೊಗಳಿದರು. ಆ ಹೊಗಳಿಕೆಗೆ ನನ್ನ ತಲೆ ತಿರುಗಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಮ್ಮದು ಬುಟ್ಟಿ ಹೆಣೆಯುವ ಮನೆ. ಅಜ್ಜಿ ಪಿರಿಯಾಪಟ್ಟಣದ ಕಡೆಯಿಂದ ಮೊರ, ಮಂಕರಿ ಮಾರುತ್ತ ಬಂದು ತಿತಿಮತಿಯ ಒಳಗಿನ ಈ ಎಸ್ಟೇಟಿನಲ್ಲಿ ನಿಂತುಬಿಟ್ಟವಳು. ಕೂಲಿಯವರ ಸಾಲಿನಲ್ಲಿ ಒಂದು ಲೈನ್ ಮನೆ ಕೊಟ್ಟರು, ಪಿಕ್ಕಿಂಗ್ ಬುಟ್ಟಿ ಹೆಣೆದುಕೊಡು ಎಂದರು. ತೋಟದ ಕೆಳಗಿನ ತೊರೆಯ ದಂಡೆಯಲ್ಲಿ ಮೂರು ಬಿದಿರು ಮೆಳೆ ಇದ್ದವು. ಮುಳ್ಳಿಲ್ಲದ, ಗಿಣ್ಣು ಗಿಣ್ಣಿನ ನಡುವೆ ಉದ್ದ ಇರುವ ಬಿದಿರು. ಸೀಳಿದರೆ ದಾರದ ಹಾಗೆ ಬರುತ್ತಿತ್ತು. ಅವ್ವ ಬೇರೆ ಬಿದಿರನ್ನು ಮುಟ್ಟುತ್ತಲೇ ಇರಲಿಲ್ಲ. ಯಾರಾದರೂ ಅರಣ್ಯ ಇಲಾಖೆಯ ಡಿಪೋದಿಂದ ತಂದುಕೊಟ್ಟರೆ ಒಂದು ಸಲ ಬೆರಳಲ್ಲಿ ತಟ್ಟಿ, "ಇದ್ರಲ್ಲಿ ದನ ಕಟ್ಟೋ ಗೂಟ ಮಾಡ್ಕೊ, ಹೋಗು" ಎಂದು ಕಳಿಸುತ್ತಿದ್ದಳು.

ಆ ಮೆಳೆಗಳನ್ನು ನೆಟ್ಟವಳು ಅಜ್ಜಿಯೇ. ಅದಕ್ಕೂ ಹಿಂದಿನ ಬಿದಿರು ಹೂ ಬಿಟ್ಟು ಸತ್ತಾಗ ಅವ್ವ ಇನ್ನೂ ಲಂಗ ಉಡುವ ವಯಸ್ಸಿನವಳು. ಬಿದಿರು ಬದುಕಿನಲ್ಲಿ ಒಂದೇ ಸಲ ಹೂ ಬಿಡುತ್ತದೆ, ಅಕ್ಕಿ ಉದುರಿಸುತ್ತದೆ, ಬುಡಸಮೇತ ಸಾಯುತ್ತದೆ. ಮತ್ತೆ ಅಕ್ಕಿ ನೋಡಬೇಕಾದರೆ ಒಂದು ಆಯಸ್ಸು ಕಾಯಬೇಕು. ಅವ್ವ ಎರಡು ಸಲ ನೋಡಿದಳು. ಎರಡನೆಯದು ನಾನು ನರ್ಸರಿಯಲ್ಲಿ ದೊಡ್ಡ ಮನುಷ್ಯಳಾಗಿದ್ದ ಕಾಲದಲ್ಲಿ ಬಂತು.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಮೂರೂ ಮೆಳೆಗಳ ಎಲೆ ಉದುರಿ, ಗಿಣ್ಣುಗಿಣ್ಣಿಗೆ ಹುಲ್ಲಿನಂಥ ಗೊಂಚಲು ಬಂತು. ಅವ್ವ ದಿನಾ ಸಂಜೆ ಹೋಗಿ ನೋಡಿಕೊಂಡು ಬರುತ್ತಿದ್ದಳು. ಅಕ್ಕಿ ಬಲಿತು ಉದುರುವುದಕ್ಕೂ, ಹುಣಸೂರಿನಲ್ಲಿದ್ದ ನನ್ನ ದೊಡ್ಡಪ್ಪ, ಅಂದರೆ ಅವ್ವನ ಭಾವ, ತೀರಿಕೊಳ್ಳುವುದಕ್ಕೂ ಸರಿಹೋಯಿತು. ಮಣ್ಣು ಮಾಡಿ ಬಂದಳು. ಹನ್ನೊಂದನೇ ದಿನದ ತನಕ ಸೂತಕ. ನಮ್ಮಲ್ಲಿ ಸೂತಕದಲ್ಲಿ ಬೀಜ ಮುಟ್ಟುವುದಿಲ್ಲ, ಮೊರ ಹೆಣೆಯುವುದಿಲ್ಲ. ಅವ್ವ ಜಗಲಿಯ ಮೇಲೆ ಕೂತು ತೊರೆಯ ಕಡೆ ನೋಡುತ್ತಿದ್ದಳು. ಅಲ್ಲಿ ಕಾಡುಕೋಳಿ, ಇಲಿ, ಅಳಿಲು ಎಲ್ಲ ಸೇರಿ ಅಕ್ಕಿ ಮೇಯುತ್ತಿದ್ದವು.

ನನಗೆ ರೇಗಿತು. "ಹೋಗವ್ವ, ಇನ್ನು ನಾಲ್ಕು ದಿನ ಬಿಟ್ರೆ ಹೊಟ್ಟು ಸಿಗ್ತದೆ ನಿಂಗೆ. ಸತ್ತೋರು ಹುಣಸೂರಲ್ಲಿ, ಬಿದಿರು ಇಲ್ಲಿ. ಸೂತಕ ಗೀತಕ ನೋಡ್ಕೊಂಡು ಕೂತ್ರೆ ಇಲಿ ಕಾಯ್ತದಾ?" ಎಂದೆ.

"ಮುಟ್ಬೋದಾ?" ಎಂದು ಅವ್ವ ಕೇಳಿದಳು. ನನ್ನನ್ನು. ಓದಿದವಳು, ಟ್ರೇನಿಂಗ್ ಮಾಡಿಕೊಂಡವಳು ಎಂದು.

"ಏನೂ ಆಗಲ್ಲ, ಹೋಗು."

ಹೋದಳು. ಹಳೆ ಸೀರೆ ಹಾಸಿ, ಗುಡಿಸಿ, ಕೇರಿ, ಎರಡು ಸೇರಿನಷ್ಟು ತಂದಳು. ಅದರಲ್ಲಿ ಜೊಳ್ಳು ತೆಗೆದು ಮರಳಿನ ಪಾತಿಯಲ್ಲಿ ಬಿತ್ತಿದಳು. ಹದಿನೈದು ದಿನಕ್ಕೆ ಹಸಿರು ಸೂಜಿಗಳು ಎದ್ದವು. ಅವ್ವನ ಕೈಗುಣ ಲೈನಿನಲ್ಲೆಲ್ಲ ಹೆಸರಾಗಿತ್ತು. ಯಾರ ಮನೆಯಲ್ಲಿ ಸೋರೆ, ಅವರೆ ಊರುವುದಿದ್ದರೂ ಮೊದಲ ಕಾಳು ಅವಳ ಕೈಯಿಂದಲೇ ಹಾಕಿಸುತ್ತಿದ್ದರು. ಈ ಸಲವೂ ಸಸಿಗಳನ್ನು ನೋಡಲು ಜನ ಬಂದರು. ಅವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಾತಿಯ ಪಕ್ಕದಲ್ಲೇ ನಿಂತಿದ್ದಳು, ಮದುಮಗಳ ತಾಯಿಯ ಹಾಗೆ.

ಸಸಿಗಳನ್ನು ಚೀಲಕ್ಕೆ ಏರಿಸುವ ಕೆಲಸ ನನ್ನದು ಎಂದು ಮಾತಾಗಿತ್ತು. ಅದಕ್ಕೆ ಮುಂಚೆ ಒಂದು ದಿನ ಮಧ್ಯಾಹ್ನ ಅವ್ವ ಮಂಕರಿ ಹೊತ್ತುಕೊಂಡು ನರ್ಸರಿಗೆ ಬಂದಳು. ತುಂಬ ಮಣ್ಣು. ಸತ್ತ ಮೆಳೆಯ ಬುಡವನ್ನು ಕೆದಕಿ, ಬೇರಿನ ಚೂರುಗಳ ಸಮೇತ ತಂದಿದ್ದಳು. ತೊರೆಯಿಂದ ನರ್ಸರಿಗೆ ಏರು ಹಾದಿ, ಏದುಸಿರು ಬಿಡುತ್ತಿದ್ದಳು.

"ಇದ್ಯಾಕವ್ವ?"

"ಒಂದೊಂದು ಚೀಲಕ್ಕೂ ಒಂದೊಂದು ಹಿಡಿ ಹಾಕು. ನಮ್ಮವ್ವ ಹಂಗೇ ಮಾಡಿದ್ಲು. ತಾಯಿ ಬುಡದ ಮಣ್ಣಿಲ್ದಿದ್ರೆ ಮರಿ ನಿಲ್ಲಕಿಲ್ಲ."

"ಯಾಕೆ ನಿಲ್ಲಲ್ಲ?"

"ಯಾಕೋ ನಂಗೇನು ಗೊತ್ತು. ಮಗೀಗೆ ಹಾಲಿಲ್ದಂಗೆ ಆಯ್ತದೆ ಅಂತಿದ್ಲು ನಮ್ಮವ್ವ. ಹಾಕು ಅಂದ್ರೆ ಹಾಕು."

ಅವತ್ತು ಒಂದು, ಮಾರನೆ ದಿನ ಮೂರು, ಅದರ ಮಾರನೆ ದಿನ ಮೂರು. ಏಳು ಮಂಕರಿ ಮಣ್ಣು ಹೊತ್ತಳು ಆ ವಯಸ್ಸಿನಲ್ಲಿ. ನಾನು ಒಂದು ಹೆಂಟೆ ಒಡೆದು ನೋಡಿದೆ. ಒಳಗೆಲ್ಲ ಬಿಳಿ ಎಳೆ, ಕೊಳೆತ ಎಲೆ, ಅಣಬೆಯ ವಾಸನೆ. ಪಕ್ಕದ ಮಡಿಯಲ್ಲಿ ಸಾವಿರಗಟ್ಟಲೆ ಮೆಣಸಿನ ಬಳ್ಳಿ. ರೈಟರ್ ಸಾಲಿನ ಮುಂದೆ ನಿಲ್ಲಿಸಿ ಆಡಿದ ಮಾತು ಕಿವಿಯಲ್ಲಿ ಮತ್ತೆ ಕೇಳಿಸಿತು. ಅವ್ವ ಮನೆಗೆ ಹೋದ ಮೇಲೆ ಆ ಏಳು ಮಂಕರಿ ಮಣ್ಣನ್ನೂ ಗೋಡೌನಿನ ಹಿಂದಿನ ಗುಂಡಿಗೆ ಸುರಿಸಿದೆ. ಚೀಲಗಳಿಗೆ ನನ್ನ ಬೇಯಿಸಿದ ಮಣ್ಣು ತುಂಬಿ, ಸಸಿ ನೆಟ್ಟು, ಬುಡಕ್ಕೆ ಮದ್ದು ಹುಯ್ದೆ.

ಸಂಜೆ ಅವ್ವ ಕೇಳಿದಳು. "ಹಾಕ್ದಾ?"

"ಹಾಕ್ದೆ ಕಣವ್ವ."

ಇಷ್ಟೇ ನಾನು ಹೇಳಿದ ಸುಳ್ಳು. ಎರಡು ಪದ. ಆ ಹೊತ್ತಿಗೆ ಅದು ಸುಳ್ಳು ಅಂತಲೂ ಅನ್ನಿಸಿರಲಿಲ್ಲ. ಮುದುಕಿಯ ಸಮಾಧಾನಕ್ಕೆ ಒಂದು ಮಾತು, ಅಷ್ಟೇ.

ನರ್ಸರಿಯಲ್ಲಿದ್ದ ಒಂದು ವರ್ಷ ಸಸಿಗಳು ಚೆನ್ನಾಗಿಯೇ ಇದ್ದವು. ವಾರಕ್ಕೊಮ್ಮೆ ಗೊಬ್ಬರದ ನೀರು ಕೊಡುತ್ತಿದ್ದೆ, ಕುಡಿದುಕೊಂಡು ಹಸಿರಾಗಿ ನಿಂತಿದ್ದವು. ಅಷ್ಟರಲ್ಲಿ ಎಸ್ಟೇಟಿನವರು ಸತ್ತ ಮೆಳೆಗಳನ್ನು ಜೆಸಿಬಿ ತಂದು ಕೀಳಿಸಿ, ಆ ಜಾಗದಲ್ಲಿ ಸ್ಪ್ರಿಂಕ್ಲರಿಗೆಂದು ಕೆರೆ ತೋಡಿಸಿದರು. ಅಲ್ಲಿನ ಹಳೆ ಮಣ್ಣು ಎಲ್ಲಿ ಹೋಯಿತೋ, ಒಳಗಿನ ಕೆಂಪು ಮಣ್ಣು ಮೇಲೆ ಬಂತು. ಕೆರೆ ಏರಿಯ ಮೇಲೆ ಬಿದಿರು ನೆಟ್ಟುಕೊಳ್ಳಿ ಎಂದು ಅವ್ವನಿಗೆ ಜಾಗ ಕೊಟ್ಟರು. ಮುಂಗಾರು ಹಿಡಿದ ವಾರ ನಾವಿಬ್ಬರೂ ನೆನೆದುಕೊಂಡು ಎಪ್ಪತ್ತು ಗಿಡ ನೆಟ್ಟೆವು. ಅವ್ವ ಪ್ರತಿ ಗಿಡದ ಬುಡವನ್ನೂ ಹಿಮ್ಮಡಿಯಲ್ಲಿ ಒತ್ತಿದಳು. "ನನ್ನ ಮೊಮ್ಮಗಳ ಮೊಮ್ಮಕ್ಳು ಅಕ್ಕಿ ನೋಡ್ಲಿ" ಎಂದಳು. ಅವಳಿಗೆ ಬೇಕಾಗಿದ್ದು ಅಷ್ಟೇ. ಅಜ್ಜಿ ತನ್ನ ಕೈಗೆ ಕೊಟ್ಟಿದ್ದನ್ನು ತಾನು ಮುಂದಕ್ಕೆ ಕೊಟ್ಟು ಹೋಗಬೇಕು.

ಗಿಡಗಳು ಏಳಲೇ ಇಲ್ಲ. ಮಳೆಗಾಲ ಮುಗಿದರೂ ಒಂದು ಹೊಸ ಕಳಲೆ ಬರಲಿಲ್ಲ. ಎಲೆಯ ತುದಿ ನೇರಳೆಗೆ ತಿರುಗಿತು. ಮೊಣಕಾಲೆತ್ತರಕ್ಕೆ ನಿಂತವು ಹಾಗೇ ನಿಂತವು. ಬೇರುಕೊಳೆ ಇರಬೇಕೆಂದು ನಾನು ಕೊಡ ಹೊತ್ತು ಹೋಗಿ ಮತ್ತೆ ಮದ್ದು ಹುಯ್ದೆ. ಈಗ ನೆನೆಸಿಕೊಂಡರೆ ನನ್ನ ಕೈಯನ್ನು ನಾನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ. ಮೊದಲ ಬೇಸಿಗೆಗೆ ಅರ್ಧ ಒಣಗಿದವು. ಅವ್ವ ಕೊಡದಲ್ಲಿ ನೀರು ಹೊತ್ತು ಉಳಿದವಕ್ಕೆ ಹಾಕಿದಳು. ಎರಡನೆಯ ಬೇಸಿಗೆಗೆ ಒಂದೂ ಉಳಿಯಲಿಲ್ಲ. ಬಿದಿರಕ್ಕಿ ಕೆಲವೇ ತಿಂಗಳಲ್ಲಿ ಜೀವ ಕಳೆದುಕೊಳ್ಳುತ್ತದೆ, ಮತ್ತೆ ಬಿತ್ತೋಣ ಎಂದರೆ ಬೀಜವೂ ಇರಲಿಲ್ಲ.

ಕೊನೆಯ ಗಿಡವನ್ನು ಅವ್ವ ಕಿತ್ತು ತಂದು ಜಗಲಿಯ ಮೇಲೆ ಇಟ್ಟಳು. ಬೇರು ನೋಡಿದೆ. ಚೀಲದಲ್ಲಿದ್ದಾಗ ಎಷ್ಟಿತ್ತೋ ಅಷ್ಟೇ, ಚೀಲದ ಆಕಾರದಲ್ಲೇ.

"ಸೂತಕದಾಗೆ ಮುಟ್ದೆ ಕಣವ್ವ," ಎಂದಳು ಅವ್ವ. "ಅದ್ಕೇ ಇಂಗಾಯ್ತು. ಮಣ್ಣೂ ಹಾಕಿದ್ದೀವಿ, ನೀರೂ ಹುಯ್ದಿದ್ದೀವಿ. ಇನ್ನೇನು ಕಮ್ಮಿ ಮಾಡಿದ್ವಿ? ನನ್ನ ಕೈಯಿಂದ್ಲೇ ಆಯ್ತು."

ನಾನು ಬಾಗಿಲಲ್ಲಿ ನಿಂತಿದ್ದೆ. ಮಣ್ಣು ಹಾಕಿಲ್ಲ ಎಂದು ಹೇಳಬಹುದಿತ್ತು. ಮುಟ್ಟು ಎಂದವಳು ನಾನೇ ಎಂದಾದರೂ ಹೇಳಬಹುದಿತ್ತು. ನಾನು ಹೇಳಿದ್ದು ಬೇರೆ.

"ಇರಬೋದು ಕಣವ್ವ," ಎಂದೆ.

ಅವ್ವ ತಲೆ ಆಡಿಸಿದಳು. ಒಳಗೆ ಹೋಗಿ, ಬಿದಿರಿನ ದಬ್ಬೆ ಸೀಳುವ ಕತ್ತಿಯನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದಳು. ಬಿದಿರೇ ಇಲ್ಲವಲ್ಲ, ಕತ್ತಿ ಯಾಕೆ ಎಂದು ಇರಬೇಕು ಅಂದುಕೊಂಡೆ. ಅದಲ್ಲ. ಅವಳಿಗೆ ತನ್ನ ಕೈಯ ಮೇಲೆಯೇ ಹೇಸಿಗೆ ಹುಟ್ಟಿತ್ತು. ಲೈನಿನ ಹೆಂಗಸೊಬ್ಬಳು ಅವರೆ ಬೀಜ ಹಿಡಿದುಕೊಂಡು ಬಂದರೆ ಅವ್ವ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದಳು. "ಇಲ್ಲ ಅಂತ ಯೋಳು," ಎಂದು ನನಗೆ ಕೈಸನ್ನೆ ಮಾಡುತ್ತಿದ್ದಳು. ಒಂದೆರಡು ಸಲ ಹೀಗಾದ ಮೇಲೆ ಜನ ಬರುವುದನ್ನು ಬಿಟ್ಟರು. ನಾನು ಕೆಲಸದಿಂದ ಬಂದಾಗ ಅವಳು ಗೋಡೆಗೆ ಒರಗಿ ಸುಮ್ಮನೆ ಕೂತಿರುತ್ತಿದ್ದಳು, ಕೈ ಎರಡೂ ಮಡಿಲಲ್ಲಿ. ಆ ಕೈಗಳು ಸುಮ್ಮನೆ ಇದ್ದದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಅದರ ಮರುವರ್ಷ ನನ್ನ ಮಗಳ ಮದುವೆ ಗೊತ್ತಾಯಿತು. ನಮ್ಮ ಜನದಲ್ಲಿ ಮದುವೆಯ ಬಾಗಿನದ ಮೊರ ಅಂಗಡಿಯಿಂದ ತರುವುದಿಲ್ಲ. ಹೆಣ್ಣಿನ ಅಜ್ಜಿಯೋ ತಾಯಿಯೋ ಹೆಣೆಯಬೇಕು. ನನಗೆ ಬರುವುದಿಲ್ಲ, ನರ್ಸರಿ ಸೇರಿದ ಮೇಲೆ ನಾನು ಕತ್ತಿ ಮುಟ್ಟಲಿಲ್ಲ, ಮುಟ್ಟುವುದು ಕೀಳು ಅಂದುಕೊಂಡಿದ್ದೆ. ನನ್ನ ಮದುವೆಗೆ ಅವ್ವ ಹೆಣೆದ ಮೊರದಲ್ಲಿ ನೀರು ಹುಯ್ದರೂ ಒಂದು ಗಳಿಗೆ ನಿಲ್ಲುತ್ತಿತ್ತು, ಅಷ್ಟು ಬಿಗಿ. ಮಗಳು ಅಜ್ಜಿಯ ಮುಂದೆ ಕೂತು ಕೇಳಿದಳು.

"ಅಜ್ಜಿ, ಐದು ಜೊತೆ ಮೊರ ಬೇಕಂತೆ. ಯಾವ ಬಿದಿರಾದ್ರೂ ತರಿಸ್ತೀನಿ, ನೀನು ಹೆಣ್ಕೊಡು."

"ಹುಣಸೂರಲ್ಲಿ ಸಿಕ್ತವೆ ಮಗ. ತಕ್ಕೊ ಬಾ."

"ಅಂಗಡಿದು ಬೇಡ. ನಿನ್ ಕೈದೇ ಬೇಕು."

"ನನ್ ಕೈದು ಬ್ಯಾಡ," ಎಂದಳು ಅವ್ವ. "ಒಳ್ಳೆ ಕೆಲ್ಸಕ್ಕೆ ನನ್ ಕೈ ಬ್ಯಾಡ. ನಿನ್ನ ಮಡಿಲು ತುಂಬ್ಬೇಕು, ಒಣುಗ್ಬಾರ್ದು."

ಮಗಳು ನನ್ನ ಕಡೆ ನೋಡಿದಳು, ಅಮ್ಮ ನೀನಾದರೂ ಹೇಳು ಎಂಬಂತೆ. ನಾನು ಒಲೆಯ ಮೇಲಿದ್ದ ಹಾಲು ಉಕ್ಕುತ್ತದೆ ಎಂದು ಎದ್ದು ಹೋದೆ. ಹಾಲು ಕಾದೂ ಇರಲಿಲ್ಲ.

ಗೋಣಿಕೊಪ್ಪದ ಛತ್ರದಲ್ಲಿ ಮದುವೆ ಆಯಿತು. ಹುಣಸೂರಿನಿಂದ ತಂದ ಮೊರಕ್ಕೆ ಅಂಗಡಿಯವನು ಗುಲಾಬಿ ಬಣ್ಣ ಹೊಡೆದಿದ್ದ. ಅವ್ವ ಹಿಂದಿನ ಸಾಲಿನ ಕುರ್ಚಿಯಲ್ಲಿ ಕೂತಿದ್ದಳು. ಅಕ್ಷತೆ ಹಾಕಲು ಎಲ್ಲರೂ ಎದ್ದಾಗ ತನ್ನ ಕೈಯಲ್ಲಿದ್ದ ಅಕ್ಷತೆಯನ್ನು ಪಕ್ಕದವಳ ಕೈಗೆ ಸುರಿದು, "ನೀನೇ ಹಾಕವ್ವ," ಎಂದಳು. ಅದನ್ನು ನಾನು ಮಂಟಪದಿಂದ ನೋಡಿದೆ. ನೋಡಿಯೂ ಇಳಿದು ಬರಲಿಲ್ಲ.

ಮದುವೆಯಾಗಿ ಕೆಲವು ತಿಂಗಳಿಗೆ ಒಂದು ದಿನದ ತರಬೇತಿಗೆ ನಮ್ಮನ್ನು ಜೀಪಿನಲ್ಲಿ ಕರೆದುಕೊಂಡು ಹೋದರು. ಸುತ್ತಲಿನ ಎಸ್ಟೇಟುಗಳ ನರ್ಸರಿಯವರೆಲ್ಲ ಬಂದಿದ್ದರು. ಮಣ್ಣು, ಬೇರು ಎಂದು ಓದಿಕೊಂಡಿದ್ದ ಮೇಷ್ಟರೊಬ್ಬರು ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟುಕೊಂಡು ಒಬ್ಬೊಬ್ಬರನ್ನೇ ಕರೆದರು. ನಾನು ಕಣ್ಣಿಟ್ಟೆ. ನೀಲಿ ಬಣ್ಣ ಕಟ್ಟಿದ ಒಂದು ಬೇರಿನ ಚೂರು. ಅದರ ಒಳಗೆ, ಒಂದೊಂದು ಕೋಣೆಯಲ್ಲೂ, ಕೊಂಬೆ ಒಡೆದ ಪುಟ್ಟ ಪುಟ್ಟ ಗಿಡಗಳಿದ್ದಂತೆ ಏನೋ.

"ಇದೇನು ರೋಗ ಸಾರ್?" ಎಂದೆ.

"ರೋಗ ಅಲ್ಲಮ್ಮ. ಇದೂ ಬೂಷ್ಟೇ, ಆದ್ರೆ ಬೇರಿನ ನೆಂಟ. ಬೇರಿನೊಳಗೆ ಮನೆ ಮಾಡ್ಕೊಂಡು ತನ್ನ ಎಳೆನ ಹೊರಗೆ ದೂರ ಕಳಿಸ್ತದೆ. ಬೇರಿಗೆ ಕೈ ಎಟುಕದ ಕಡೆಯಿಂದ ರಂಜಕ ತಂದ್ಕೊಡ್ತದೆ, ಗಿಡ ಇದಕ್ಕೆ ಸಕ್ಕರೆ ಕೊಡ್ತದೆ. ಬರಿಗಣ್ಣಿಗೆ ಕಾಣಲ್ಲ. ನೀವು ಎಲೆ ಕಸದಲ್ಲಿ ನೋಡೋ ಬಿಳಿ ಎಳೆ ಬೇರೆ, ಇದು ಬೇರೆ."

ಆಮೇಲೆ ಅವರು ಇದೇ ಬೂಷ್ಟನ್ನು ಬೆರೆಸಿದ ಪುಡಿಯ ಒಂದು ಪೊಟ್ಟಣ ಎತ್ತಿ ತೋರಿಸಿದರು. ಆ ಪೊಟ್ಟಣ ನಮ್ಮ ಎಸ್ಟೇಟಿಗೂ ಬರುತ್ತಿತ್ತು. ಗೊಬ್ಬರದ ಜೊತೆ ಇದೊಂದು ಎಂದು ಹಾಕುತ್ತಿದ್ದೆವು, ಮುಂದಿನ ವಾರ ಮದ್ದು ಹುಯ್ದು ಕೊಲ್ಲುತ್ತಿದ್ದೆವು. ನಾನು ಕೈ ಎತ್ತಿ, ಬಿದಿರಿಗೂ ಇದು ಇರುತ್ತದಾ ಎಂದು ಕೇಳಿದೆ.

"ಬಿದಿರಿಗೆ ಧಾರಾಳ ಇರ್ತದೆ. ಹಳೆ ಮೆಳೆ ಬುಡದ ಮಣ್ಣಲ್ಲಿ, ಬೇರಿನ ಚೂರಲ್ಲಿ ತುಂಬಿರ್ತದೆ. ಒಂದೊಂದು ಹಿಡಿ ಹಾಕಿದ್ರೆ ಸಾಕು, ಸಸಿಗೆ ಹತ್ಕೊಳ್ತದೆ. ಬೇಯಿಸಿದ ಮಣ್ಣಲ್ಲಿ ಬೆಳೆಸಿದ್ರೆ, ಗೊಬ್ಬರ ಕೊಡೋ ತನಕ ಹಸಿರಾಗಿರ್ತದೆ. ಬರಡು ಮಣ್ಣಿಗೆ ಹೋಗಿ ಬಿದ್ರೆ ಕಷ್ಟ. ಯಾಕಮ್ಮ, ಬಿದಿರು ಹಾಕಿದೀರಾ?"

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಇಲ್ಲ ಸಾರ್, ಸುಮ್ನೆ ಕೇಳ್ದೆ," ಎಂದು ಕೂತೆ. ವಾಪಸು ಬಂದವಳೇ ಗೋಡೌನಿನ ಹಿಂದಕ್ಕೆ ಹೋದೆ. ಆ ಗುಂಡಿ ಮುಚ್ಚಿ, ಮೇಲೆ ಜನರೇಟರ್ ಕೋಣೆ ಕಟ್ಟಿ ಯಾವ ಕಾಲವಾಯಿತೋ.

ಅವತ್ತೇ ಹೇಳಬೇಕಿತ್ತು. ಹೇಳಲು ನನಗೆ ಇನ್ನೂ ಒಂದು ತಿಂಗಳು ಬೇಕಾಯಿತು. ಅಂಜುಬುರುಕಿ ನಾನು, ಬಾಯಿ ಮಾತ್ರ ದೊಡ್ಡದು. ಒಂದು ಭಾನುವಾರ ಬೆಳಿಗ್ಗೆ ಅವ್ವ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು, ನಾನೂ ಒಂದಿಷ್ಟು ಕಾಯಿ ತೆಗೆದುಕೊಂಡು, ಅವಳ ಮುಖ ನೋಡದೆ ಹೇಳಿದೆ. ಏಳು ಮಂಕರಿ ಮಣ್ಣನ್ನೂ ಗುಂಡಿಗೆ ಸುರಿದದ್ದು, ಮದ್ದು ಹುಯ್ದದ್ದು, ಕೆರೆ ಏರಿಯ ಮೇಲೂ ಮತ್ತೆ ಹುಯ್ದದ್ದು. ಮೇಷ್ಟರು ತೋರಿಸಿದ್ದನ್ನೂ ಹೇಳಿದೆ. ಅಜ್ಜಿ ಹಾಲು ಅಂದದ್ದು ನಿಜವಾಗಿಯೂ ಇತ್ತು, ನನ್ನ ಕಣ್ಣಾರೆ ನೋಡಿದೆ ಎಂದೆ.

ಅವ್ವನ ಕೈ ನಿಂತಿತು.

"ಹಂಗಾದ್ರೆ ಸೂತಕ ಅಲ್ವಾ?"

"ಅಲ್ಲ ಕಣವ್ವ. ನಾನು."

"ಬೀಜ ಚೆನ್ನಾಗಿತ್ತಾ?"

"ಚೆನ್ನಾಗಿತ್ತು. ನಿನ್ ಕೈಲಿ ಏನೂ ತಪ್ಪಿರ್ಲಿಲ್ಲ."

ಬೈಯುತ್ತಾಳೆ ಎಂದು ಕಾದೆ. ಮುಖಕ್ಕೆ ಉಗಿಯಲಿ, ಕೂದಲು ಹಿಡಿದು ಎಳೆಯಲಿ, ಏನಾದರೂ ಮಾಡಲಿ ಎಂದು ಬೇಡಿಕೊಂಡೆ. ಅವ್ವ ತನ್ನ ಎರಡು ಕೈಗಳನ್ನು ಮುಂದೆ ಚಾಚಿ, ಹಿಂದೆ ಮುಂದೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಆಮೇಲೆ, ನನಗಲ್ಲ, ಆ ಕೈಗಳಿಗೇ ಹೇಳುವ ಹಾಗೆ ಹೇಳಿದಳು.

"ಮಗೀಗೆ ಮೊರ ಹೆಣ್ಕೊಡ್ಬೋದಿತ್ತು."

ಬಿದಿರಿನ ಬಗ್ಗೆ ಒಂದು ಮಾತೂ ಇಲ್ಲ. ಅವಳು ಅತ್ತಳು, ನಾನೂ ಅತ್ತೆ. ಆದರೆ ನಾವಿಬ್ಬರೂ ಅತ್ತದ್ದು ಒಂದೇ ಕಾರಣಕ್ಕೆ ಅಲ್ಲ. ನಾನು ಸತ್ತ ಗಿಡಗಳಿಗೆ ಕ್ಷಮೆ ಕೇಳಿಕೊಳ್ಳಲು ಬಂದಿದ್ದೆ. ಅವಳು ತನ್ನ ಕೈ ತನಗೇ ಬೇಡವಾಗಿ ಕಳೆದ ಎರಡು ವರ್ಷಕ್ಕೆ ಅಳುತ್ತಿದ್ದಳು.

ಮಾರನೆ ದಿನ ಅಟ್ಟದಿಂದ ಕತ್ತಿ ಇಳಿಸು ಎಂದಳು. ಡಿಪೋದ ಬಿದಿರೇ ತರಿಸಿಕೊಟ್ಟೆ. ಈ ಸಲ ತಟ್ಟಿ ನೋಡಿ ಬೈಯಲಿಲ್ಲ. ಅಂಗಳದಲ್ಲಿ ಕೂತು ಸೀಳತೊಡಗಿದಳು. ಕತ್ತಿ ಗಿಣ್ಣಿನ ಹತ್ತಿರ ಬಂದು ನಿಲ್ಲುತ್ತಿತ್ತು. ಬೆರಳು ಮಡಿಸಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಿಸಲು ಆಗುತ್ತಿರಲಿಲ್ಲ. ಎಣ್ಣೆ ಕಾಯಿಸಿ ಕೈ ತಿಕ್ಕಿಕೊಟ್ಟೆ. ನಾಲ್ಕು ದಿನ ಪಟ್ಟು ಹಿಡಿದು ಕೂತಳು. ಎಂಟು ದಬ್ಬೆ ಸೀಳಿದಳು, ಎಂಟೂ ಒಂದೊಂದು ದಪ್ಪ.

ಐದನೆಯ ದಿನ ನಾನು ಕೆಲಸಕ್ಕೆ ಹೊರಡುವಾಗ ಕತ್ತಿಯನ್ನು ನನ್ನ ಕೈಗೆ ಕೊಟ್ಟಳು.

"ವಸಿ ದಿನ ಕೆಲ್ಸ ಇಲ್ದೆ ಕೂತಿತ್ತಲ್ಲ ಕೈ," ಎಂದಳು. "ಮರ್ತದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಹೇಗಾದರೂ ತಡೆದುಕೊಳ್ಳುತ್ತಿದ್ದೆ.